ಐದು ಮೂಗುಗಳ ಪಂಚನಾಮೆ

ಎನಾಮಲ್ ಬಟ್ಟಲಿನಲ್ಲಿ ಏಳು ದ್ರಾಕ್ಷಿಗಳಿದ್ದವು. ಸಿಪ್ಪೆ ಸುಲಿದ ದ್ರಾಕ್ಷಿ. ಬೂದು ಬಣ್ಣ, ಮೈಯೆಲ್ಲ ಒದ್ದೆ, ಮುಟ್ಟಿದರೆ ಜಾರಿಹೋಗುವಷ್ಟು ಮೆತ್ತಗೆ.

ಐದು ನಿಮಿಷದ ಹಿಂದೆ ಅವು ನನ್ನ ಮೂಗಿನೊಳಗಿದ್ದವು.

“ಎಡಕ್ಕ ನಾಲ್ಕು, ಬಲಕ್ಕ ಮೂರು” ಎಂದರು ಹುಬ್ಬಳ್ಳಿಯ ಡಾಕ್ಟರು, ತಮ್ಮ ಹಿತ್ತಿಲಲ್ಲಿ ಬೆಳೆದದ್ದನ್ನು ತೋರಿಸುವವರ ಹಾಗೆ. ನಾನು ತಲೆಯಾಡಿಸಿದೆ. ಎರಡೂ ಹೊಳ್ಳೆಗಳಿಗೆ ಜಾಳುಬಟ್ಟೆಯ ಪಟ್ಟಿ ತುರುಕಿದ್ದರು. ಬಾಯಿ ಇದ್ದದ್ದು ಉಸಿರಾಡಲು ಮಾತ್ರ.

ಹಿಂದಿನ ತಿಂಗಳು ಎರಡು ವಾರ ಈ ಅಂಕಣ ಖಾಲಿ ಇತ್ತು. ಏನಾಯಿತೆಂದು ಕೆಲವರು ಪತ್ರ ಬರೆದು ಕೇಳಿದಿರಿ. ಒಬ್ಬರು, ಓದುವ ಕೆಲಸ ತಪ್ಪಿತೆಂದು ಸಂತೋಷಪಟ್ಟಿದ್ದಾರೆ. (ಅವರಿಗೆ ನನ್ನ ವಿಷಾದ. ಮೂಗು ಹೋಗಿತ್ತೇ ಹೊರತು ಕೈ ಹೋಗಿರಲಿಲ್ಲ.) ಆಗಿದ್ದು ಇಷ್ಟು. ಮೂಗಿನಲ್ಲಿ ಮಾಂಸ ಬೆಳೆದಿತ್ತು. ನಮ್ಮ ಕಡೆ ಅದಕ್ಕೆ ದುರ್ಮಾಂಸ ಎನ್ನುತ್ತಾರೆ.

ಹೆಸರು ಕೇಳಿ ಹೆದರಬೇಡಿ. ಇದು ಕೊಲ್ಲುವ ಗಂಟಲ್ಲ. ಹಳೆಯ ನೆಗಡಿ ಮೂಗಿನ ಒಳಪೊರೆಯನ್ನು ವರ್ಷಗಟ್ಟಲೆ ನೆನೆಸಿ ನೆನೆಸಿ ಊದಿಸುತ್ತದೆ. ಊದಿದ್ದು ತೊಟ್ಟು ಬಿಟ್ಟುಕೊಂಡು ಜೋತು ಬೀಳುತ್ತದೆ. ನೋವಿಲ್ಲ. ಅದೇ ಅದರ ಮೋಸ. ನೋವಿದ್ದರೆ ಮನುಷ್ಯ ಮೊದಲ ವಾರವೇ ಡಾಕ್ಟರ ಬಾಗಿಲಿಗೆ ಓಡುತ್ತಾನೆ. ಇದು ಮಾತ್ರ ದಿನಕ್ಕೊಂದು ಕೂದಲೆಳೆಯಷ್ಟು ದಾರಿ ಮುಚ್ಚುತ್ತ ಬರುತ್ತದೆ. ನಿಮ್ಮ ದನಿ ಬದಲಾಗುತ್ತದೆ, ನಿಮಗೆ ಕೇಳಿಸುವುದಿಲ್ಲ. ಗೊರಕೆ ಶುರುವಾಗುತ್ತದೆ, ಅದು ನಿಮ್ಮದೆಂದು ನೀವು ಒಪ್ಪುವುದಿಲ್ಲ. ಹಳಿಯಾಳದ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ಹುಡುಗರು ನನ್ನ ಬೆನ್ನ ಹಿಂದೆ ಮೂಗು ಹಿಡಿದುಕೊಂಡು ಮಗ್ಗಿ ಹೇಳುತ್ತಿದ್ದರು. ಯಾರನ್ನೋ ಅಣಕಿಸುತ್ತಿದ್ದಾರೆಂದು ನಾನೂ ನಕ್ಕಿದ್ದೆ.

ಮನೆಮದ್ದುಗಳು ಆದವು. ಪಂಡಿತರು ಇದು ನಾಸಾರ್ಶ ಎಂದು ಹೆಸರು ಹೇಳಿ ಎಣ್ಣೆ ಬಿಟ್ಟರು. ನೆರೆಮನೆಯವರು ತಪಕೀರು, ಅಂದರೆ ನಶ್ಯ, ಕೊಟ್ಟರು. ಆ ಸೀನಿಗೆ ಚಷ್ಮಾ ಹಾರಿ ಗಾಜು ಒಡೆಯಿತು. ಅರಿಸಿನದ ಕೊಂಬು ಸುಟ್ಟು ಹೊಗೆ ತೆಗೆದುಕೊಂಡದ್ದೂ ಆಯಿತು. ಕೊನೆಗೆ ಹುಬ್ಬಳ್ಳಿ.

ಆಪರೇಶನ್ ಎಂದರೆ ಮಲಗಿಸುತ್ತಾರೆ ಎಂದುಕೊಂಡಿದ್ದೆ. ಸ್ಟೂಲಿನ ಮೇಲೆ ಕೂರಿಸಿದರು. ಮರಗಟ್ಟಿಸುವ ಔಷಧದಲ್ಲಿ ಅದ್ದಿದ ಹತ್ತಿಯನ್ನು ಮೂಗಿನಲ್ಲಿಟ್ಟು ಕಾಯಿಸಿದರು. ಹಣೆಗೆ ದುಂಡು ಕನ್ನಡಿ ಕಟ್ಟಿಕೊಂಡ ಡಾಕ್ಟರು ಉದ್ದನೆಯ ಸಲಾಕೆಯೊಂದನ್ನು ಒಳಗೆ ಬಿಟ್ಟರು. ಅದರ ತುದಿಯಲ್ಲಿ ತಂತಿಯ ಕುಣಿಕೆ. ಕುಣಿಕೆ ಗಂಟಿನ ತೊಟ್ಟಿಗೆ ಬೀಳಬೇಕು, ಬಿಗಿಯಬೇಕು, ಎಳೆಯಬೇಕು. ನೋವಾಗಲಿಲ್ಲ. ಸದ್ದಾಯಿತು. ಅದು ಕಿವಿಗೆ ಹೊರಗಿನಿಂದ ಬರುವ ಸದ್ದಲ್ಲ. ತಲೆಯೊಳಗೆ ಯಾರೋ ಬೇರು ಕಿತ್ತ ಹಾಗೆ. ಏಳು ಸಲ. ಅಂಗಿಯ ಮೇಲೆಲ್ಲ ರಕ್ತ.

“ಬುಡ ಒಳಗ ಉಳದಿರತೈತ್ರಿ. ಮತ್ತ ಬೆಳದ್ರ ಮತ್ತ ಬರ್ರಿ” ಎಂದರು ಡಾಕ್ಟರು. ಆಮೇಲೆ ಬಟ್ಟಲನ್ನು ಇನ್ನೊಮ್ಮೆ ನೋಡಿ ಕೇಳಿದರು. “ಇಷ್ಟು ಬೆಳೀಬೇಕಾದ್ರ ಭಾಳ ದಿನ ಹಿಡದೈತಿ. ವಾಸನಿ ತಿಳೀದಂಗ ಆಗಿ ಎಷ್ಟು ವರ್ಷ ಆತ್ರಿ?”

ನಾನು ಎರಡು ಬೆರಳು ತೋರಿಸಿದೆ.

ಗೋಡೆಯ ಬದಿಗೆ ಕೂತಿದ್ದ ನನ್ನ ಹೆಂಡತಿ ನಕ್ಕಳು. “ಎರಡಲ್ರಿ ಡಾಕ್ಟರ್. ದಾಂಡೇಲ್ಯಾಗ ಇದ್ದಾಗ ಅಟ್ಟದ ಮ್ಯಾಲ ಇಲಿ ಸತ್ತು ಮೂರು ದಿನ ನಾತ ಹೊಡೀತು. ನೆರಿಯವರು ಮೂಗಿಗೆ ಸೆರಗ ಹಿಡಕೊಂಡು ಓಡಿ ಬಂದ್ರು. ಇವರು ಅದರ ಬುಡಕ್ಕ ಕುಂತು ಉಪ್ಪಿಟ್ಟು ತಿನ್ನಾಕ ಹತ್ತಿದ್ರು.”

ಇಲಿ ಬಿದ್ದರೆ ಪ್ಲೇಗಿಗೆ ಹೆದರಿ ಜನ ಮನೆ ಬಿಡುವ ಕಾಲ. ಮರೆಯುವ ಸಂಗತಿಯಲ್ಲ. ಅದು ಹಳಿಯಾಳಕ್ಕೆ ಬಂದ ಮೇಲಿನ ಮಾತು ಎಂದು ನಾನು ಪಟ್ಟಿಗಳ ಸಂದಿಯಿಂದ ಗೊಣಗಿದೆ.

“ಹಳಿಯಾಳದ ಮನಿಗೆ ಅಟ್ಟ ಎಲ್ಲೈತ್ರಿ?” ಎಂದಳು.

ಇಲ್ಲ. ಹಳಿಯಾಳದ ಮನೆಗೆ ಅಟ್ಟವಿಲ್ಲ.

ಡಾಕ್ಟರು ಫೈಲಿನಲ್ಲಿ ಏನೋ ಬರೆದುಕೊಂಡರು. ನಾನು ಸ್ಟೂಲಿನ ಮೇಲೆ ಕೂತಲ್ಲೇ ಲೆಕ್ಕ ಹಾಕತೊಡಗಿದೆ. ಇಲಿ ಬಿದ್ದಾಗ ನನ್ನ ಮಗಳು ತೊಟ್ಟಿಲಲ್ಲಿದ್ದಳು. ಅದೇ ಊರಿನ ಮಿಸ್ತ್ರಿ ಇಮಾಮಸಾಬರ ಪಂಚನಾಮೆಗೆ ನಾನು ಪಂಚನಾಗಿ ಹೋದ ದಿನ ಅವಳು ನನ್ನ ಧೋತರದ ಚುಂಗು ಹಿಡಿದು ಸಾ ಮಿಲ್ಲಿನ ಗೇಟಿನವರೆಗೆ ನಡೆದು ಬಂದಿದ್ದಳು.

ಅಂದರೆ ಮೊದಲು ಇಲಿ. ಆಮೇಲೆ ಪಂಚನಾಮೆ.

ನಿಮಗೆ ಕತೆ ಹೇಳಬೇಕು. ನನಗೆ ನೆನಪಿದ್ದಂತೆ ಮೊದಲು ಹೇಳುತ್ತೇನೆ. ಅದರಲ್ಲಿ ಎಷ್ಟು ನಿಜ ಎಂಬುದನ್ನು ಕೊನೆಗೆ ನೀವೇ ನೋಡಿಕೊಳ್ಳಿ.

ಆರು ವರ್ಷದ ಹಿಂದಿನ ಮಾತು, ಯುದ್ಧ ಶುರುವಾದ ಹೊಸತು. ನಾನು ದಾಂಡೇಲಿಯಲ್ಲಿ ಮಾಸ್ತರ. ಶಾಲೆಯ ಎದುರಿಗೆ ಒಂದು ಸಾ ಮಿಲ್ಲು. ಸುಪಾ ಕಡೆಯ ಕಾಡಿನಿಂದ ಬಂದ ದಿಮ್ಮಿಗಳು ಅಲ್ಲಿ ಹಲಗೆಗಳಾಗುತ್ತಿದ್ದವು. ಅದರ ಉಗಿ ಎಂಜಿನ್ ನಡೆಸುವ ಮಿಸ್ತ್ರಿ ಇಮಾಮಸಾಬ. (ಹೆಸರು ಬದಲಿಸಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.) ಐದು ಹೊತ್ತಿನ ನಮಾಜಿನ ಮನುಷ್ಯ. ಕಡಿಮೆ ಮಾತು. ಎಂಜಿನ್ನಿಗೆ ಮಾತ್ರ ಬೈಯುತ್ತಿದ್ದರು, ಅದೂ ಉರ್ದುವಿನಲ್ಲಿ, ಅದಕ್ಕೆ ಬೇರೆ ಭಾಷೆ ತಿಳಿಯುವುದಿಲ್ಲವೆಂಬಂತೆ.

ಒಂದು ಬೆಳಿಗ್ಗೆ ಎಂಜಿನ್ನಿನ ಬೆಲ್ಟು ಹರಿದು ಹಾರಿತು. ಕುಂಬಾರವಾಡದ ಕಡೆಯ ಕೂಲಿಯವನೊಬ್ಬನ ತೋಳು ಮುರಿಯಿತು. ಬೆಲ್ಟಿಗೆ ಮೊದಲೇ ಮೂರು ಕಡೆ ತೇಪೆ ಹಾಕಿತ್ತು. ಹೊಸದು ತರಿಸಿರೆಂದು ಇಮಾಮಸಾಬರು ಹೇಳುತ್ತಲೇ ಇದ್ದರು. ಯುದ್ಧದ ಕಾಲದಲ್ಲಿ ಬೆಲ್ಟು ಎಲ್ಲಿಂದ ತರಲಿ ಎಂದು ಮ್ಯಾನೇಜರು ಹೇಳುತ್ತಲೇ ಇದ್ದರು. ಈಗ ಮೇಲಿನವರಿಗೆ ಕಾಗದ ಬರೆಯಬೇಕು. ಕಾರಣ ಬೇಕು. ಬೆಲ್ಟು ಕಾರಣವಾದರೆ ಮ್ಯಾನೇಜರ ಕುತ್ತಿಗೆಗೆ ಬರುತ್ತದೆ. ಮಿಸ್ತ್ರಿ ಕುಡಿದಿದ್ದರೆ?

ಪಂಚರನ್ನು ಕರೆದರು. ಐದು ಜನ. ಡಿಪೋದ ಕಾರಕೂನ, ಕಿರಾಣಿ ಅಂಗಡಿಯವರು, ಗುತ್ತಿಗೆದಾರರ ಕಡೆಯವರೊಬ್ಬರು, ಊರ ಗೌಡರು, ನಾನು. ಸಾಲಾಗಿ ನಿಲ್ಲಿಸಿದರು. ಇಮಾಮಸಾಬರನ್ನು ನಮ್ಮೆದುರು ಒಬ್ಬೊಬ್ಬರ ಮುಂದೆ ನಡೆಸಿ, ಬಾಯಿ ತೆರೆದು ಉಸಿರು ಬಿಡಲು ಹೇಳಿದರು. ನೀವು ನಗಬಹುದು. ಆಗ ನಮಗೆ ನಗು ಬರಲಿಲ್ಲ. ಐವತ್ತು ವರ್ಷದ ಮನುಷ್ಯ, ಕೂಲಿಯವನ ರಕ್ತ ಇನ್ನೂ ಅಂಗಿಯ ಮೇಲಿದೆ, ಒಬ್ಬೊಬ್ಬರ ಮುಖಕ್ಕೆ ಹಾ ಎಂದು ಉಸಿರು ಬಿಡುತ್ತ ಬರುತ್ತಿದ್ದಾನೆ.

ಮೂಸಿದವರು ಒಬ್ಬೊಬ್ಬರಾಗಿ ಹೌದೆಂದರು. ನಾನು ಐದನೆಯವನು. ನಾಲ್ಕು ಜನ ಹೌದೆಂದ ಮೇಲೆ ಐದನೆಯವನು ಇಲ್ಲವೆನ್ನುವುದು ಹೇಗೆ? ನೀವು ಎಂದಾದರೂ ಅಂದಿದ್ದೀರಾ? ಸಭೆಯಲ್ಲಿ, ಮದುವೆಯ ಮಾತುಕತೆಯಲ್ಲಿ, ಸತ್ತವರ ಗುಣಗಾನದಲ್ಲಿ?

ನಾನೂ ಹೌದೆಂದೆ. ನನಗೆ ವಾಸನೆ ಬಂದಿತ್ತು.

ಆಮೇಲೆ ಮ್ಯಾನೇಜರು, ಬರೆಯುವ ಕೈ ನಿಮ್ಮದು, ನೀವೇ ಬರೆಯಿರಿ ಎಂದು ಕಾಗದ ನನ್ನ ಮುಂದಿಟ್ಟರು. (ಶಾಲೆಯ ಬೆಂಚುಗಳಿಗೆ ಹಲಗೆ ಕೊಡುವುದಾಗಿ ಅವರು ಹಿಂದಿನ ವಾರವೇ ಮಾತು ಕೊಟ್ಟಿದ್ದರು. ಕೊಟ್ಟರು ಕೂಡ. ಒಳ್ಳೆಯ ಸಾಗವಾನಿ.) ಪಂಚನಾಮೆಗೆ ಒಂದು ಸಿದ್ಧ ಭಾಷೆ ಇದೆ. ‘ಬಾಯಿಂದ ಸೆರೆಯ ವಾಸನೆ ಬರುತ್ತಿತ್ತು’ ಎಂದಿದ್ದರೆ ಸಾಕಿತ್ತು. ನಾನು ಲೇಖಕನಲ್ಲವೇ? ‘ಹುಳಿತ ಗೇರುಹಣ್ಣಿನ ಸೆರೆಯ ತೀಕ್ಷ್ಣ ವಾಸನೆ’ ಎಂದು ಬರೆದೆ.

ವಿಶೇಷಣ ಚೆನ್ನಾಗಿ ಕೂತಿತೆಂದು ಹಿಗ್ಗಿದ್ದೂ ನೆನಪಿದೆ.

ಗೇರುಹಣ್ಣಿನ ಸೆರೆ ನಮ್ಮಲ್ಲಿ ಇಳಿಯುವುದಿಲ್ಲ. ಅದು ಗೋವೆಯದು, ಗಡಿಯಲ್ಲಿರುವ ಅನಮೋಡದ ಸುಂಕದ ನಾಕೆಯನ್ನು ತಪ್ಪಿಸಿ ಕಾಡುದಾರಿಯಲ್ಲಿ ಬರುವಂಥದು. ನನ್ನ ಎರಡು ಶಬ್ದಗಳಿಂದ ಕುಡಿದವನು ಕಳ್ಳಮಾಲಿನವನೂ ಆದ. ಇಮಾಮಸಾಬರ ಮನೆಯನ್ನು ಜಪ್ತಿಯವರು ಬಂದು ಜಾಲಾಡಿದರು. ಏನೂ ಸಿಗಲಿಲ್ಲ. ಕೆಲಸ ಹೋಯಿತು. ಸಂಸಾರ ಕಟ್ಟಿಕೊಂಡು ಮುಂಡಗೋಡಕ್ಕೆ ಹೋದರೆಂದು ಕೇಳಿದೆ. ನನಗೂ ಹಳಿಯಾಳಕ್ಕೆ ವರ್ಗವಾಯಿತು. ಮರೆತೆ.

ಇಲ್ಲ, ಮರೆತೆ ಎನ್ನುವುದು ಸುಳ್ಳು. ಆ ವಾಸನೆ ನೆನಪಿತ್ತು. ಇವತ್ತಿಗೂ ಇದೆ. ಕಣ್ಣು ಮುಚ್ಚಿದರೆ ಆ ಹುಳಿ ಘಾಟು ಮೂಗಿನ ಮೇಲ್ತುದಿಗೆ ಏರುತ್ತದೆ. ನೆನಪಿನ ಬಗ್ಗೆ ಈ ಅಂಕಣದಲ್ಲಿ ನಾನು ಎಷ್ಟು ಸಲ ಬರೆದಿಲ್ಲ! ವಾಸನೆಯ ನೆನಪು ಎಲ್ಲಕ್ಕಿಂತ ಗಟ್ಟಿ ಎಂದೂ ಬರೆದಿದ್ದೇನೆ. ನಿಮ್ಮಲ್ಲಿ ಕೆಲವರು ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೀರಂತೆ. ದಯವಿಟ್ಟು ಒಲೆಗೆ ಹಾಕಿ. ಅಟ್ಟದ ಮೇಲಿನ ಸತ್ತ ಇಲಿಯೇ ತಿಳಿಯದ ಮೂಗಿಗೆ ಒಂದು ವರ್ಷದ ಮೇಲೆ ಮನುಷ್ಯನೊಬ್ಬನ ಉಸಿರಿನಲ್ಲಿ ಗೇರುಹಣ್ಣು ತಿಳಿಯಿತೇ?

ಮೊದಲು ಬರೆದೆ. ಬರೆದದ್ದನ್ನು ಆಮೇಲೆ ಮೂಸಿದೆ. ಅಷ್ಟೇ.

ಪಟ್ಟಿ ತೆಗೆದ ಮೇಲೆ ಮೂರನೆಯ ವಾರ ವಾಸನೆ ಮರಳಿತು. ಮೊದಲು ಬಂದದ್ದು ಮಲ್ಲಿಗೆ ಎಂದು ಬರೆದರೆ ನಿಮಗೆ ಹಿತ. ಬಂದದ್ದು ನನ್ನದೇ ಕೋಟಿನ ಬೆವರು. ಇಷ್ಟು ವರ್ಷ ಅದನ್ನು ತೊಟ್ಟುಕೊಂಡು ಮಕ್ಕಳಿಗೆ ಶುಚಿತ್ವದ ಪಾಠ ಹೇಳಿದ್ದೆ.

ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೇಳಿದಳು. ಆಮೇಲೆ, ಇದನ್ನು ನನಗೆ ಹೇಳಿ ಏನು ಉಪಯೋಗ, ಮುಂಡಗೋಡಕ್ಕೆ ಬಸ್ಸಿಲ್ಲವೇ ಎಂದಳು.

ಬಸ್ಸಿತ್ತು. ಇದ್ದಿಲ ಗ್ಯಾಸಿನ ಬಸ್ಸು. ಯಲ್ಲಾಪುರದಲ್ಲಿ ಇಳಿದು ಇನ್ನೊಂದು ಹತ್ತಬೇಕು. ಹೊಸ ಮೂಗಿಗೆ ಆ ಹೊಗೆಯೆಲ್ಲ ತಿಳಿಯುತ್ತಿತ್ತು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಹೊಂದಿಸಿಕೊಂಡೆ. (ಚೆನ್ನಾಗಿದ್ದವು. ಅದೇ ಅನುಮಾನ ಹುಟ್ಟಿಸಿತು.)

ಇಮಾಮಸಾಬರು ಸ್ಟೋವು, ಸೈಕಲ್ಲು, ಪಂಪು ರಿಪೇರಿ ಮಾಡುವ ಒಂದು ಗೂಡಂಗಡಿ ಇಟ್ಟಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದರು. ಕೈಯಲ್ಲಿದ್ದ ಸ್ಟೋವಿನ ಬರ್ನರನ್ನು ಊದಿ, ಬೆಳಕಿಗೆ ಹಿಡಿದು, ಮತ್ತೆ ಊದಿದರು.

ಹೊಂದಿಸಿಕೊಂಡ ಮಾತುಗಳ ಕ್ರಮ ತಪ್ಪಿತು. ಮೂಗಿನಲ್ಲಿ ಮಾಂಸ ಬೆಳೆದಿತ್ತೆಂದೂ ಡಾಕ್ಟರು ತೆಗೆದರೆಂದೂ ಅವತ್ತು ನನಗೆ ಯಾವ ವಾಸನೆಯೂ ಬಂದಿರಲಾರದೆಂದೂ ತೊದಲಿದೆ. ಅವರು ಪೂರ್ತಿ ಕೇಳಿದರು.

“ಮಾಂಸ ಎಷ್ಟಿತ್ತು ಮಾಸ್ತರ್?”

ಏಳು, ಎಂದೆ.

“ನಮ್ಮ ಬೆಲ್ಟಿಗೆ ಮೂರ ತ್ಯಾಪಿ ಇದ್ದೂರಿ” ಎಂದರು.

ನಾಲ್ಕು ಜನ ಹೌದೆಂದ ಮೇಲೆ ಐದನೆಯವನಾದ ನನಗೆ ಇಲ್ಲವೆನ್ನುವ ಧೈರ್ಯ ಬರಲಿಲ್ಲ ಎಂದೆ. ಇದು ನಾನು ಹೊಂದಿಸಿಕೊಂಡಿದ್ದ ಮಾತುಗಳಲ್ಲೇ ಅತ್ಯಂತ ಪ್ರಾಮಾಣಿಕವಾದದ್ದು. ಇಮಾಮಸಾಬರು ಬರ್ನರು ಕೆಳಗಿಟ್ಟರು. ಒಳಗೆ ಹೋಗಿ ಒಂದು ಬಿಸ್ಕೀಟಿನ ಡಬ್ಬಿ ತಂದರು. ಅದರಲ್ಲಿ ಪಂಚನಾಮೆಯ ನಕಲು. ನಾನು ಬರೆದದ್ದರಿಂದಲೇ ಇಳಿಸಿದ್ದು. ಪಂಚರ ಹೆಸರುಗಳ ಮೇಲೆ ಎಣ್ಣೆಯ ಬೆರಳಿಟ್ಟರು.

ಒಂದನೆಯ ಹೆಸರು ನನ್ನದು.

“ನೀವ ಮೊದಲ ನಿಂತಿದ್ರಿ. ನೀವು ಹೂಂ ಅಂದ ಮ್ಯಾಲ ಗೌಡ್ರು ನಿಮ್ಮ ಮಾರಿ ನೋಡಿದ್ರು. ಮಾಸ್ತರ ಅಂದಾನಂದ್ರ ಇರಬೇಕು ಬಿಡು ಅಂದ್ರು. ಉಳದವರು ನನ್ನ ಬಾಯಿ ಹಂತ್ಯಾಕ ಸೈತ ಬರಲಿಲ್ಲ.”

ಐದನೆಯ ಜಾಗದಲ್ಲಿ ಕಿರಾಣಿ ಅಂಗಡಿಯವರ ಹೆಸರಿತ್ತು. ಆರು ವರ್ಷ ನಾನು ಅವರ ಜಾಗದಲ್ಲಿ ನಿಂತುಕೊಂಡಿದ್ದೆ. ಅಲ್ಲಿ ನೆರಳಿತ್ತು.

ಆಗ ಇಮಾಮಸಾಬರು ವಿಷಯಕ್ಕೆ ಬಂದರು. ಮಳಗಿ ಎಂಬ ಊರಿನ ವ್ಯಾಪಾರಿಯೊಬ್ಬರ ಮಗನಿಗೆ ಇವರ ಮಗಳನ್ನು ಕೇಳಿದ್ದಾರೆ. ಹುಡುಗ ಒಳ್ಳೆಯವನು. ಹುಡುಗಿಗೂ ಒಪ್ಪಿಗೆ. ಹಿಂದೆ ಎರಡು ಸಂಬಂಧಗಳು ದಾಂಡೇಲಿಯ ಸುದ್ದಿ ಕೇಳಿಯೇ ತಿರುಗಿ ಹೋಗಿವೆ. ಈ ಸಲವೂ ಯಾರೋ ಕಿವಿಗೆ ಹಾಕಿದ್ದಾರೆ. ಅದಕ್ಕೇ ಬರುವ ಜುಮ್ಮಾ ನಮಾಜಿನ ನಂತರ ಹುಡುಗನ ತಂದೆ ಜಮಾತಿನ ಇಬ್ಬರು ಹಿರಿಯರೊಂದಿಗೆ ಬಂದು, ಇದೇನು ಎತ್ತ ಎಂದು ಕೇಳುವವರಿದ್ದಾರೆ.

ನಾನು ಬಂದು ಹೇಳುತ್ತೇನೆ ಎಂದೆ. ತಕ್ಷಣ ಎಂದೆ. ಹಗುರವಾಯಿತು.

“ಏನಂತ ಹೇಳ್ತೀರಿ? ನನಗ ವಾಸನಿ ಬರಲಿಲ್ಲ ಅಂತೀರೋ, ಇಮಾಮಸಾಬ ಕುಡದಿರಲಿಲ್ಲ ಅಂತೀರೋ?”

ನೀವೇ ಹೇಳಿ, ಏನೆನ್ನಬೇಕು? ನನಗೆ ಗೊತ್ತಿರುವುದು ಮೊದಲನೆಯದು ಮಾತ್ರ. ಎರಡನೆಯದನ್ನು ಹೇಳಿದರೆ ಅದೂ ಮೂಸದೆ ಬರೆದ ಪಂಚನಾಮೆಯೇ. ಅವರು ನನ್ನ ಮುಖ ನೋಡಿಯೇ ತಿಳಿದುಕೊಂಡರು. ನಂತರ ಅವರು ಮಾಡಿದ್ದನ್ನು ನಾನು ಎಂದೂ ಸರಿಯಾಗಿ ಬರೆಯಲಾರೆ. ಎದ್ದು ನನ್ನ ಎದುರಿಗೆ ನಿಂತರು. ಅಂದಿನ ಹಾಗೆಯೇ ಬಾಯಿ ತೆರೆದು, ನನ್ನ ಮುಖಕ್ಕೆ ಹಾ ಎಂದು ಉಸಿರು ಬಿಟ್ಟರು.

“ಈಗ ಮೂಗು ಚಲೋ ಆಗೇತಿ ಅಂದ್ರಲ್ಲ. ಮೂಸ್ರಿ. ಮೂಸಿ ಬರೀರಿ. ನನ್ನ ಹೆಸರು ಹಾಕ್ರಿ. ಅವಾಗೂ ಹಾಕಿದ್ರಿ.”

ಚಹಾ. ಉಳ್ಳಾಗಡ್ಡಿ. ಬರ್ನರಿನ ಚಿಮಣಿ ಎಣ್ಣೆ. ಹಲ್ಲು ಹಾಳಾದ ಮುದುಕನ ಬಾಯಿ. ಇಷ್ಟೇ ಇತ್ತು. ಇಷ್ಟನ್ನೇ ಬರೆಯುತ್ತಿದ್ದೇನೆ. ವಿಶೇಷಣ ಹಾಕಿಲ್ಲ.

ಶುಕ್ರವಾರ ಮತ್ತೆ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಜಮಖಾನೆ ಹಾಸಿತ್ತು. ಮಳಗಿಯ ವ್ಯಾಪಾರಿ ಸಭ್ಯರು. ನನ್ನನ್ನು ಗೋಡೆಗೆ ಒರಗುವ ಜಾಗದಲ್ಲಿ ಕೂರಿಸಿದರು. ಹಿರಿಯರಿಬ್ಬರು ಅವರ ಪಕ್ಕ. ಇಮಾಮಸಾಬರು ಬಾಗಿಲ ಹತ್ತಿರ. ಪರದೆಯ ಹಿಂದೆ ಬಳೆಯ ಸದ್ದು ಇತ್ತು, ನಾನು ಮಾತು ಶುರು ಮಾಡಿದ ಕೂಡಲೇ ನಿಂತಿತು.

ಹೇಳಿದೆ. ದುರ್ಮಾಂಸ, ತಂತಿಯ ಕುಣಿಕೆ, ಅಟ್ಟದ ಇಲಿ, ಎಲ್ಲವನ್ನೂ. ಡಾಕ್ಟರು ಕೊಟ್ಟ ಚೀಟಿ ತೋರಿಸಿದೆ. ಒಬ್ಬ ಹಿರಿಯರು ಅದನ್ನು ತಲೆಕೆಳಗು ಹಿಡಿದು ನೋಡಿ ಮರಳಿಸಿದರು. ವ್ಯಾಪಾರಿ ಸಮಾಧಾನದಿಂದ ಕೇಳಿಸಿಕೊಂಡರು. ನಾನು ಇಷ್ಟು ದೂರ ಬಂದದ್ದು ದೊಡ್ಡ ಮಾತೆಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಒಬ್ಬ ತಂದೆ ಕೇಳಬೇಕಾದದ್ದನ್ನೇ ಅವರು ಕೇಳಿದರು.

“ನಿಮ್ಮ ಮೂಗಿನ್ಯಾಗ ಮಾಂಸ ಬೆಳದಿತ್ತು, ಒಪ್ಪಿದ್ನಿ. ಉಳದ ನಾಲ್ಕು ಮಂದಿ ಮೂಗಿನ್ಯಾಗ ಏನ ಬೆಳದಿತ್ರೀ ಮಾಸ್ತರ್?”

ಉತ್ತರ ನನಗೆ ಗೊತ್ತಿತ್ತು. ಎರಡೇ ಅಕ್ಷರ. ನಾನು. ಅವರ ಮೂಗಿನಲ್ಲಿ ಬೆಳೆದಿದ್ದವನು ನಾನು. ನಾನೇ ಮೊದಲು ನಿಂತಿದ್ದೆ, ನಾನೇ ಮೊದಲು ಹೌದೆಂದೆ, ಅವರು ಮೂಸಿದ್ದು ಇಮಾಮಸಾಬರನ್ನಲ್ಲ, ನನ್ನನ್ನು. ಇಷ್ಟನ್ನು ಹೇಳಿದ್ದರೆ ಆ ಕಾಗದದ ಐದೂ ಹೆಸರುಗಳು ಒಟ್ಟಿಗೇ ಬೀಳುತ್ತಿದ್ದವು. ಇಮಾಮಸಾಬರು ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದರು. ಅವರು ತಾವಾಗಿ ಹೇಳಲಾರರು. ಆರು ವರ್ಷ ಹೇಳಿದ್ದಾರೆ, ಯಾರೂ ಕೇಳಿಲ್ಲ. ಹೇಳಬೇಕಾದವನು ನಾನು.

ಗೋಡೆಗೆ ಒರಗುವ ಜಾಗ. ಮಾಸ್ತರ ಎಂಬ ಮರ್ಯಾದೆ. ರೋಗಿಷ್ಟನಾಗಿ ಬಂದವನ ಮೇಲೆ ಆ ಕೋಣೆಯಲ್ಲಿದ್ದ ಕನಿಕರ. ಏಳು ಗಂಟುಗಳ ಮರೆಯಲ್ಲಿ ಎಷ್ಟು ಸುಖವಾಗಿ ಕೂತಿದ್ದೆ!

ಗೊತ್ತಿಲ್ಲ, ಎಂದೆ.

ವ್ಯಾಪಾರಿ ತಲೆಯಾಡಿಸಿದರು. ಚಹಾ ಬಂತು. ಕುಡಿದರು. ಯೋಚಿಸಿ ತಿಳಿಸುತ್ತೇವೆಂದು ಎದ್ದರು. ಅದರ ಅರ್ಥ ನಿಮಗೂ ಗೊತ್ತು, ಪರದೆಯ ಹಿಂದೆ ಇದ್ದವಳಿಗೂ ಗೊತ್ತು. ಮೂರನೆಯ ದಿನ ಇಲ್ಲವೆಂದು ಹೇಳಿಕಳಿಸಿದರಂತೆ.

ಬಸ್ಸಿಗೆ ಹೊರಟಾಗ ಇಮಾಮಸಾಬರು ಬಿಸ್ಕೀಟಿನ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚುತ್ತಿದ್ದರು. ಅದು ಸರಿಯಾಗಿ ಕೂರುತ್ತಿರಲಿಲ್ಲ.

ಇದೆಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಬರೆಯುವುದು ನನಗೆ ಯಾವತ್ತೂ ಸುಲಭ. ಈ ಸಂಚಿಕೆಯನ್ನು ಮಳಗಿಗೂ ಕಳಿಸುತ್ತೇನೆ. ಅವರು ಓದುತ್ತಾರೋ, ಓದಿದರೂ ತಿರುಗಿ ಬರುತ್ತಾರೋ, ನಾನು ಹೇಳಲಾರೆ. ಆ ಹುಡುಗನಿಗೆ ಬೇರೆ ಕಡೆ ನಿಶ್ಚಯವಾಯಿತೆಂದು ನಿನ್ನೆ ಬಸ್ಸಿನವನು ಅಂದ.

ಗಂಟುಗಳು ಮತ್ತೆ ಬೆಳೆಯಬಹುದು ಎಂದು ಡಾಕ್ಟರು ಹೇಳಿದ್ದಾರೆ. ಬೆಳೆಯಲಿ. ಮೂಗಿನದಕ್ಕೆ ತಂತಿಯ ಕುಣಿಕೆ ಇದೆ, ಹುಬ್ಬಳ್ಳಿಗೆ ಹೋದರೆ ತೆಗೆಯುತ್ತಾರೆ. ಅಂದು ಆ ಕೋಣೆಯಲ್ಲಿ ನನ್ನ ಬಾಯಿಗೆ ಅಡ್ಡ ಬೆಳೆದಿತ್ತಲ್ಲ, ಅದನ್ನು ಯಾರು ತೆಗೆಯುತ್ತಾರೆ?